ಬೂತ್‌ವಾರು ಲೆಕ್ಕ ಹಿಡಿದು ಅಭ್ಯರ್ಥಿ ಮುಂದೆ ಕೂತಾಗ

ಚುನಾವಣೆ ಹತ್ತಿರ ಬಂತೆಂದರೆ ನಮ್ಮಂಥ ಅಂಗವಿಕಲರ ಸಂಘಗಳು ಮೊದಲು ಮಾಡುವ ಕೆಲಸ ಮನವಿ ಪತ್ರ ಟೈಪ್ ಮಾಡಿಸುವುದು. ಮಾಸಾಶನ ಜಾಸ್ತಿ ಮಾಡಿ, ಬ್ಯಾಕ್‌ಲಾಗ್ ಹುದ್ದೆ ತುಂಬಿ, ನಿವೇಶನ ಕೊಡಿ. ಕೊಡುವಾಗ ಒಂದು ಫೋಟೋ. ಆಮೇಲೆ ಆ ಪತ್ರ ಅಭ್ಯರ್ಥಿ ಕೈಯಿಂದ ಪಿಎ ಕೈಗೆ, ಅಲ್ಲಿಂದ ಕಾರಿನ ಹಿಂದಿನ ಸೀಟಿಗೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕಿನಲ್ಲಿ ನಾವು ಮನವಿ ಪತ್ರ ಬರೆಯಲೇ ಇಲ್ಲ.

ಯಾವ ಪಕ್ಷದ ಆಫೀಸಿಗೆ ಹೋದರೂ ಕೇಳುವುದು ಒಂದೇ: "ಅಕ್ಕ, ನಿಮ್ಮ ಕಡೆ ಎಷ್ಟು ವೋಟಿದೆ?" ಇದಕ್ಕೆ ಬೇಜಾರು ಮಾಡಿಕೊಂಡು ಪ್ರಯೋಜನ ಇಲ್ಲ. ಅವರ ಕಸುಬೇ ಅದು. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. 224 ಕ್ಷೇತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಸರಾಸರಿ 5,900. ಅದರಲ್ಲಿ ಮಕ್ಕಳನ್ನು ಕಳೆಯಿರಿ, ಮನೆಯವರನ್ನು ಕೂಡಿಸಿ. ಆ ಗಣತಿ ಆದಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಒಪ್ಪಿದೆ, ಹಾಗಾಗಿ ಈಗ ಎಣಿಸಿದರೆ ಇನ್ನೂ ಜಾಸ್ತಿಯೇ ಬರಬೇಕು. 2018ರಲ್ಲಿ ಮಸ್ಕಿ ಕ್ಷೇತ್ರ ತೀರ್ಮಾನವಾಗಿದ್ದು 213 ಮತಗಳಲ್ಲಿ. ಇಷ್ಟು ಹೇಳುವ ಹೊತ್ತಿಗೆ ಪಿಎ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ.

ಆದರೆ ರಾಜ್ಯದ ಲೆಕ್ಕ ಬಾಯಿಮಾತಿಗೆ ಆಯ್ತು. ಕ್ಷೇತ್ರದಲ್ಲಿ ನಡೆಯೋದು ಬೂತ್ ಲೆಕ್ಕ. ನಮ್ಮ ಸ್ವಸಹಾಯ ಗುಂಪುಗಳ ಹೆಂಗಸರು ತಮ್ಮತಮ್ಮ ಊರಲ್ಲಿ ಮನೆಮನೆ ಕೇಳಿ ಬರೆದು ತಂದರು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ತಿರ ಪಟ್ಟಿ ಇರುತ್ತೆ, ನಿಜ. ಆದರೆ ಅವರು ಸರ್ಕಾರದ ಗೌರವಧನ ತಗೊಳ್ಳೋರು. ಚುನಾವಣೆ ವಿಷಯಕ್ಕೆ ಅವರನ್ನು ಎಳೆದರೆ ಅವರ ಕೆಲಸಕ್ಕೇ ಕುತ್ತು. ಅಭ್ಯರ್ಥಿಗಳಿಗೆ ನಾವು ಕೊಟ್ಟಿದ್ದು ಬೂತ್ ನಂಬರ್, ಪಕ್ಕದಲ್ಲಿ ಎಷ್ಟು ಜನ ಅನ್ನುವುದು, ಅಷ್ಟೇ. ಹೆಸರು, ಫೋನ್ ನಂಬರ್ ಕೇಳಿದರು, ಕೊಡಲಿಲ್ಲ. ಕೊಟ್ಟರೆ ಅದು ಸೀರೆ, ಕವರ್ ಹಂಚುವ ಪಟ್ಟಿ ಆಗಿಬಿಡುತ್ತೆ.

ಹೋಗುವ ಸಮಯ ಮುಖ್ಯ. ಚುನಾವಣೆ ಘೋಷಣೆ ಆಗಿದ್ದು ಮಾರ್ಚ್ 29ಕ್ಕೆ. ನಾವು ಜನವರಿಯಿಂದಲೇ ಟಿಕೆಟ್ ಆಕಾಂಕ್ಷಿಗಳನ್ನು ಹಿಡಿಯಲು ಶುರು ಮಾಡಿದ್ದೆವು. ಆಕಾಂಕ್ಷಿ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ಪಕ್ಷದ ಬಿ ಫಾರಂ ಕೈಗೆ ಬಂದಮೇಲೆ ಅವರ ಫೋನ್ ಎತ್ತುವುದು ಇನ್ಯಾರೋ.

ಏನು ಕೇಳಬೇಕು ಅನ್ನೋದಕ್ಕೇ ನಮ್ಮಲ್ಲಿ ಜಗಳ ಆಗಿದ್ದು. ಮಾಸಾಶನ ಆಗ ಅಂಗವೈಕಲ್ಯ ಎಷ್ಟು ಅನ್ನೋದರ ಮೇಲೆ 800 ಇಲ್ಲವೇ 1,400 ರೂಪಾಯಿ ಇತ್ತು. ಅದು ಸಾಲದು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೆಂಗಳೂರಿನಲ್ಲಿ ಬಜೆಟ್ ಬರೆಯುವವರ ಕೈಲಿರೋದು. "ಖಂಡಿತ ಮಾಡಿಸ್ತೀನಿ" ಅನ್ನೋಕೆ ಅಭ್ಯರ್ಥಿಗೆ ಖರ್ಚೇನೂ ಇಲ್ಲ, ಅಲ್ವಾ? ಅದಕ್ಕೆ ಶಾಸಕರ ಕೈಲೇ ಇರುವುದನ್ನು ಹುಡುಕಿದೆವು. ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ ಇದೆ. ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ) ಸಭೆಗೆ ಶಾಸಕರೇ ಅಧ್ಯಕ್ಷರು. ಅಲ್ಲಿ ಅವರು ಒಂದು ಪ್ರಶ್ನೆ ಕೇಳಿದರೆ ಹತ್ತು ಇಲಾಖೆಯವರು ಫೈಲು ತಿರುವುತ್ತಾರೆ. ಮಾಸಾಶನ, ಶೇ. 4ರ ಉದ್ಯೋಗ ಮೀಸಲಾತಿ, ಇಂಥವನ್ನು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕಾದ ಪ್ರಶ್ನೆಯಾಗಿ, ಕೇಳ್ತೀರಾ ಅಂತ ಕೇಳಿದೆವು. ಕೇಳಿದರೋ ಇಲ್ಲವೋ ಅಂತ ಆಮೇಲೆ ನೋಡಬಹುದು.

ತಾಲ್ಲೂಕು ಕೇಂದ್ರದ ಒಂದು ಕಚೇರಿಯ ಫೋಟೋ ನಮ್ಮ ಮೊಬೈಲಲ್ಲಿ ಇತ್ತು. ಅಲ್ಲಿ ಅಂಗವಿಕಲರ ಶೌಚಾಲಯಕ್ಕೆ ಬೀಗ, ಕಿಟಕಿಯಲ್ಲಿ ಇಣುಕಿದರೆ ಒಳಗೆ ಹಳೇ ಫೈಲು, ಮುರಿದ ಕುರ್ಚಿ. ರ‍್ಯಾಂಪ್ ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಇಲ್ಲಿ ಎರಡಡಿ ಎತ್ತರಕ್ಕೆ ಐದಡಿಯಲ್ಲೇ ಮುಗಿಸಿದ್ದರು. ಆಕಾಂಕ್ಷಿಗಳಲ್ಲಿ ಒಬ್ಬರು ಮೂಲತಃ ಗುತ್ತಿಗೆದಾರರು. ಫೋಟೋ ದೊಡ್ಡದು ಮಾಡಿ ನೋಡಿ, "ಇದು ಬೈಕ್ ಹತ್ತಿಸೋಕೆ ಮಾಡಿರೋದು ಕಣಮ್ಮ" ಅಂದರು. ಪೋಲಿಯೋ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿರುವ ನಾನು ಅರ್ಧ ಗಂಟೆ ವಿವರಿಸಿದರೂ ಅಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳೋದು ನಮ್ಮ ಸಂಘಗಳಿಗೆ ಕಷ್ಟ. ಎಲ್ಲಿ ಹೋದರೂ ಮುಂದೆ ಕೂರುವವರು ನನ್ನಂಥ ಪೋಲಿಯೋದವರು, ಅದರಲ್ಲೂ ಗಂಡಸರು. ಬುದ್ಧಿಮಾಂದ್ಯ ಮಕ್ಕಳ ತಾಯಂದಿರು ಮಗುವನ್ನು ಯಾರ ಹತ್ತಿರ ಬಿಟ್ಟು ಬರಬೇಕು? ಹಾಗಾಗಿ ಒಂದು ಭೇಟಿಯಲ್ಲಿ ಕಾಲಿನ ತೊಂದರೆಯವರು ಒಬ್ಬರೇ ಮಾತಾಡಬೇಕು ಅಂತ ನಿಯಮ ಮಾಡಿಕೊಂಡೆವು. ಒಂದು ಸಲ ಕಿವಿ ಕೇಳದ ಟೈಲರ್ ಒಬ್ಬರು ಬಂದರು, ಸನ್ನೆ ಹೇಳಲು ಜೊತೆಗೆ ತಂಗಿ. ಅಭ್ಯರ್ಥಿ ತಂಗಿಯ ಮುಖ ನೋಡಿಕೊಂಡು, "ಅವರಿಗೇನು ಬೇಕಂತೆ ಕೇಳಮ್ಮ" ಅಂದರು. "ಸರ್, ಅವರ ಕಡೆ ನೋಡಿ ಕೇಳಿ, ಉತ್ತರ ಅವರೇ ಕೊಡ್ತಾರೆ" ಅಂದೆ. ಅವರು ತಿರುಗಿ ಕೂತರು. ಆಕೆ ಕೇಳಿದ್ದು ಇಷ್ಟೇ: ಡಾಕ್ಟರ್ ಹತ್ತಿರ ಹೋದಾಗ ನನ್ನ ಹೊಟ್ಟೆನೋವನ್ನು ತಂಗಿ ಮುಂದೆ ಯಾಕೆ ಹೇಳಬೇಕು? ವಾರಕ್ಕೆ ಒಂದು ದಿನವಾದರೂ ಆಸ್ಪತ್ರೆಯಲ್ಲಿ ಸನ್ನೆ ಬಲ್ಲವರು ಇರಲಿ. ಅಭ್ಯರ್ಥಿ ಪಿಎ ಕೈಯಿಂದ ಪೆನ್ನು ಇಸಕೊಂಡು ತಾವೇ ಬರೆದುಕೊಂಡರು.

ತ್ರಿಚಕ್ರ ವಾಹನ ಹಂಚ್ತೀವಿ, ಒಂದು ಕಾರ್ಯಕ್ರಮ ಇಟ್ಟುಕೊಳ್ಳಿ ಅಂತ ಒಬ್ಬರು ಹೇಳಿದಾಗ ಬೇಡ ಅಂದೆವು. ನಮ್ಮವರೇ ಕೆಲವರು ರೇಗಿದರು: "ಸಿಗೋದನ್ನ ಯಾಕೆ ಬೇಡ ಅಂತೀರಿ?" ಅವರ ಮಾತು ತಪ್ಪು ಅನ್ನಲಾರೆ. ಗಾಡಿ ಇಲ್ಲದೆ ಮನೆಯಲ್ಲೇ ಕೂತವರಿಗೆ ಅದೇ ದೊಡ್ಡದು. ಆದರೆ ಗಾಡಿ ಹಂಚಿ ಫೋಟೋ ಬಂದಮೇಲೆ ಕೆಡಿಪಿ, ರ‍್ಯಾಂಪ್ ಎಲ್ಲ ಯಾರಿಗೆ ನೆನಪಿರುತ್ತೆ?

ಮತಗಟ್ಟೆ ವಿಷಯವನ್ನು ಅಭ್ಯರ್ಥಿಗಳ ಹತ್ತಿರ ಎತ್ತಲಿಲ್ಲ. ಅದು ಚುನಾವಣಾ ಆಯೋಗದ ಕೆಲಸ ಅಂತ 2016ರ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತೆ, ಹಾಗಾಗಿ ತಾಲ್ಲೂಕು ಕಚೇರಿಗೆ ಹೋದೆವು. ಶೇ. 40ಕ್ಕಿಂತ ಕಮ್ಮಿ ಇಲ್ಲದ ಅಂಗವೈಕಲ್ಯ ಇದ್ದವರು 12ಡಿ ನಮೂನೆ ತುಂಬಿ ಮನೆಯಿಂದಲೇ ಮತ ಹಾಕುವ ಸೌಲಭ್ಯ ರಾಜ್ಯದ ಸಾರ್ವತ್ರಿಕ ವಿಧಾನಸಭೆ ಚುನಾವಣೆಯಲ್ಲಿ ಬಂದಿದ್ದು ಅದೇ ಮೊದಲು. ಹಾಸಿಗೆ ಹಿಡಿದವರಿಗೆ ಅದು ಬೇಕೇ ಬೇಕು. ನಾನಂತೂ ಬೂತಿಗೇ ಹೋದೆ. ನಾವು ಸಾಲಿನಲ್ಲಿ ಕಾಣಿಸದಿದ್ದರೆ ಬೂತ್ ಲೆಕ್ಕ ಯಾರು ನಂಬ್ತಾರೆ?

ಒಪ್ಪಿಗೆ ಕೇಳಿ ಪ್ರತಿಯೊಬ್ಬರ ಉತ್ತರವನ್ನೂ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆವು. ಎಲ್ಲರ ಉತ್ತರ ಒಂದೇ ಹಾಳೆಯಲ್ಲಿ ಹಾಕಿ ನಮ್ಮವರ ವಾಟ್ಸಾಪ್ ಗುಂಪಿಗೆ ಕಳಿಸಿದೆವು. ಯಾರಿಗೆ ವೋಟು ಹಾಕಿ ಅಂತ ಹೇಳಲಿಲ್ಲ. ನಮ್ಮ ಒಕ್ಕೂಟದಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಹೇಳಿದ್ದರೆ ಒಕ್ಕೂಟ ಅವತ್ತೇ ಒಡೆಯುತ್ತಿತ್ತು. ಮೇ 13ಕ್ಕೆ ಫಲಿತಾಂಶ ಬಂದಮೇಲೆ ಹಾರದ ಜೊತೆ ಗೆದ್ದವರಿಗೆ ಅವರದೇ ವಿಡಿಯೋ ತೋರಿಸಿದೆವು. ನಕ್ಕರು. ಆ ಕಚೇರಿಯ ರ‍್ಯಾಂಪ್ ಒಡೆದು ಮತ್ತೆ ಕಟ್ಟಿದರು, ಶೌಚಾಲಯದ ಬೀಗ ತೆಗೆದರು. ಕೆಡಿಪಿ ಸಭೆಯಲ್ಲಿ ನಮ್ಮ ವಿಷಯ ಕೆಲವು ಸಲ ಬಂತು, ಆಮೇಲೆ ಜಾರಿತು. ನೆನಪು ಮಾಡಿದರೆ ಮತ್ತೆ ಬರುತ್ತೆ. ಸನ್ನೆ ಬಲ್ಲವರು ಆಸ್ಪತ್ರೆಗೆ ಇನ್ನೂ ಬಂದಿಲ್ಲ.

ಗ್ರಾಮ ಪಂಚಾಯ್ತಿ ಚುನಾವಣೆಗೂ ಇದೇ ಥರ ಮಾಡುವುದಿದೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ನಿಲ್ಲುವವರು ಪಕ್ಕದ ಮನೆಯವರೇ. ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟು ಅಂಗವಿಕಲರಿಗೆ ಖರ್ಚಾಗಬೇಕು. ಕಳೆದ ಅವಧಿಯ ಖರ್ಚಿನ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಇಟ್ಟುಕೊಳ್ಳಿ ಅಂತ ಪ್ರತಿ ಊರಿನವರಿಗೂ ಹೇಳಿದ್ದೇವೆ.