ಕಾಲಡಿಯ ನೆಲ: ದತ್ತು ತಂದ ನಾಯಿಗೆ ಒಂದಕ್ಕೆ, ಎರಡಕ್ಕೆ ಹೊರಗೆ ಕಲಿಸುವುದು

ದತ್ತು ತಂದ ನಾಯಿ ನಡುಮನೆಯಲ್ಲಿ ಒಂದಕ್ಕೆ ಹೋದರೆ ನಾವೆಲ್ಲ ನೋಡುವುದು ಅದರ ಮುಖವನ್ನು. ನೋಡಬೇಕಾದ್ದು ಅದರ ಕಾಲಡಿಯನ್ನು. ಮರಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಯಾವ ನೆಲದ ಮೇಲೆ ಹೊಟ್ಟೆ ಖಾಲಿ ಮಾಡಬೇಕು ಎಂಬುದು ಅದರ ಅಂಗಾಲಿಗೆ ಬಹುಪಾಲು ಗೊತ್ತಾಗಿಬಿಟ್ಟಿರುತ್ತದೆ. ಮಣ್ಣಿನ ಮೇಲೆ ಬೆಳೆದದ್ದು ಮಣ್ಣು ಹುಡುಕುತ್ತದೆ, ಸಿಮೆಂಟಿನ ಗೂಡಿನಲ್ಲಿ ಬೆಳೆದದ್ದು ಸಿಮೆಂಟು ಹುಡುಕುತ್ತದೆ, ಗೋಣಿಚೀಲದ ಮೇಲೆ ಕಟ್ಟಿಹಾಕಿಸಿಕೊಂಡು ಬೆಳೆದದ್ದಕ್ಕೆ ನಿಮ್ಮ ಬಾಗಿಲ ಕಾಲೊರಸೇ ಕಕ್ಕಸು.

ಹಾಗಾಗಿ ನಾಯಿ ಕೊಡುವವರ ಬಳಿ ನಾನು ಕೇಳುವ ಮೊದಲ ಪ್ರಶ್ನೆ ತಳಿಯದ್ದಲ್ಲ, ವಯಸ್ಸಿನದ್ದೂ ಅಲ್ಲ. ಇಷ್ಟು ದಿನ ಎಂಥ ನೆಲದ ಮೇಲೆ ಇತ್ತು ಎಂಬುದು. ಬೀದಿಯಲ್ಲಿ ಬೆಳೆದ ನಾಟಿ ನಾಯಿಯಾದರೆ ಅರ್ಧ ಕೆಲಸ ಮುಗಿದ ಹಾಗೆ. ರಸ್ತೆ ಬದಿಯ ಮಣ್ಣು, ಮರಳಿನ ರಾಶಿ, ಪೊದೆಯ ಅಂಚು ಅದಕ್ಕೆ ರೂಢಿ. ತಿಂಗಳುಗಟ್ಟಲೆ ಗೂಡಿನಲ್ಲಿದ್ದ ನಾಯಿಗೆ ಸಮಯ ಹೆಚ್ಚು ಬೇಕು. ತಳಿ ನಾಯಿಯೇ ಜಾಣ ಎಂದು ನಂಬಿದವರು ಈ ಒಂದು ವಿಷಯದಲ್ಲಿ ತಪ್ಪು ಲೆಕ್ಕ ಹಾಕುತ್ತಾರೆ.

ತರುವ ದಿನ ಅದು ಮಲಗುತ್ತಿದ್ದ ಕಡೆಯಿಂದ ಮೂತ್ರ ತಾಗಿದ ಒಂದು ಬಟ್ಟೆ ಚೂರನ್ನೋ ಎರಡು ಹಿಡಿ ಮಣ್ಣನ್ನೋ ಕವರಿನಲ್ಲಿ ತರಬೇಕು. ಅದನ್ನು ಹಿತ್ತಲಿನ ಒಂದು ಜಾಗದಲ್ಲಿ ಹರಡಿ. ಮನೆಯ ಮುಂದಿನ ಅಂಗಳ ಬೇಡ. ಅಲ್ಲಿ ರಂಗೋಲಿ ಇದೆ, ತುಳಸಿಕಟ್ಟೆ ಇದೆ, ಗಂಡು ನಾಯಿಗೆ ಕಾಲೆತ್ತಲು ತುಳಸಿಕಟ್ಟೆಗಿಂತ ಅನುಕೂಲದ ಎತ್ತರ ಇನ್ನೊಂದಿಲ್ಲ. ವಾಹನದಿಂದ ಇಳಿದ ನಾಯಿಯನ್ನು ಹೊಸ್ತಿಲು ದಾಟಿಸುವ ಮೊದಲು ನೇರ ಆ ಜಾಗಕ್ಕೆ ಕರೆದೊಯ್ಯಬೇಕು. ಆರಡಿಯ ಹಗ್ಗ, ಕುತ್ತಿಗೆ ಪಟ್ಟಿಯ ಬದಲು ಎದೆಪಟ್ಟಿ. ಮಾತಾಡದೆ ಒಂದೇ ಕಡೆ ನಿಂತುಕೊಳ್ಳಿ. ಹೆದರಿದ ನಾಯಿ 15–20 ನಿಮಿಷ ಮೂಸುತ್ತಲೇ ಇರುತ್ತದೆ. ಮೊದಲ ದಿನ ಏನೂ ಮಾಡದೆಯೂ ಇರಬಹುದು. ಮಾಡದಿದ್ದರೆ ಒಳಗೆ ಕರೆತಂದು ಹಗ್ಗವನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ, 20 ನಿಮಿಷ ಬಿಟ್ಟು ಮತ್ತೆ ಅಲ್ಲಿಗೇ ಹೋಗಿ.

ಸೊಂಟಕ್ಕೆ ಕಟ್ಟಿದ ಹಗ್ಗ ಮೊದಲ ಹತ್ತು ದಿನ ಬಿಚ್ಚಬಾರದು. ನೋಟದಿಂದ ಮರೆಯಾದ ನಾಯಿಯೇ ತಪ್ಪು ಮಾಡುವುದು. ನೀವು ಅಡುಗೆಮನೆಯಲ್ಲಿದ್ದರೆ ಅದೂ ಅಡುಗೆಮನೆಯಲ್ಲಿ. ಕಟ್ಟಿಕೊಳ್ಳಲಾಗದ ಹೊತ್ತಿನಲ್ಲಿ ಒಂದು ಸಣ್ಣ ಮೂಲೆ ಮಾಡಿಕೊಡಿ: ಮೇಜಿನ ಕೆಳಗೆ, ಎದ್ದು ತಿರುಗಿ ಮಲಗಲು ಸಾಕಾಗುವಷ್ಟೇ ಜಾಗ, ಮೂರು ಕಡೆ ಮರೆ. ಮಲಗುವ ಜಾಗವನ್ನು ನಾಯಿ ಸಾಮಾನ್ಯವಾಗಿ ಕೆಡಿಸುವುದಿಲ್ಲ. ಮೂಲೆ ದೊಡ್ಡದಾದರೆ ಒಂದು ಕಡೆ ಮಲಗಿ ಇನ್ನೊಂದು ಕಡೆ ಕೆಡಿಸುತ್ತದೆ. ಹಾಸಲು ಗೋಣಿಚೀಲ ಬೇಡ, ತೆಳುವಾದ ಹಳೆ ಹತ್ತಿ ಬಟ್ಟೆ ಸಾಕು. ಹೀರುವ, ಒರಟಾದ ಯಾವುದನ್ನೂ ನಾಯಿ ಕಕ್ಕಸು ಅಂದುಕೊಳ್ಳುವುದು ಬಹಳ ಸುಲಭ. ಕಾಲೊರಸು, ಜಮಖಾನೆಗಳನ್ನು ಒಂದು ತಿಂಗಳು ಅಟ್ಟಕ್ಕೆ ಹಾಕಿ.

ಹೊತ್ತು ಗಡಿಯಾರಕ್ಕಿಂತ ಘಟನೆಯ ಲೆಕ್ಕದಲ್ಲಿ ಇರಲಿ. ನಿದ್ದೆಯಿಂದ ಎದ್ದ ತಕ್ಷಣ, ಉಂಡ 15ರಿಂದ 30 ನಿಮಿಷದೊಳಗೆ, ಆಟ ನಿಂತ ಕೂಡಲೇ, ಮನೆಗೆ ಯಾರಾದರೂ ಬಂದು ಸಡಗರವಾದ ಮೇಲೆ. ಹೊಟ್ಟೆಗೆ ಅನ್ನ ಬಿದ್ದರೆ ಕರುಳು ತಾನಾಗಿ ಚಲಿಸುತ್ತದೆ, ಅದಕ್ಕೇ ಊಟದ ನಂತರದ ಅರ್ಧ ಗಂಟೆ ಚಿನ್ನದಂಥದ್ದು. ಇವುಗಳ ಜೊತೆಗೆ ಬೆಳೆದ ನಾಯಿಗೆ ಹಗಲು ಎರಡು ಗಂಟೆಗೊಮ್ಮೆ, ಮೂರು ತಿಂಗಳ ಮರಿಗೆ ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ. ಅಷ್ಟು ಚಿಕ್ಕ ಮರಿ ಮಲಗಿದ್ದಾಗ ಮೂರು ನಾಲ್ಕು ಗಂಟೆ ತಡೆದೀತು, ಆಡುವಾಗ ಅರ್ಧ ಗಂಟೆಯೂ ತಡೆಯದು. ಲಸಿಕೆ ಪೂರ್ತಿಯಾಗದ ಮರಿಯನ್ನು ಬೀದಿನಾಯಿಗಳು ಓಡಾಡುವ ಕಡೆ ಇಳಿಸಬೇಡಿ. ಮರಿಗಳಿಗೆ ಮಾರಕ ಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಹಳೆ ಕ್ಯಾಲೆಂಡರಿನ ಹಾಳೆ ತಿರುಗಿಸಿ ಗೋಡೆಗೆ ಅಂಟಿಸಿ, ಪೆನ್ನು ನೇತುಹಾಕಿ. ಉಂಡ ಹೊತ್ತು, ಒಂದಕ್ಕೆ, ಎರಡಕ್ಕೆ, ಒಳಗೋ ಹೊರಗೋ, ಇಷ್ಟು ಬರೆದರೆ ಸಾಕು. ನಾಲ್ಕೈದು ದಿನಕ್ಕೆ ನಾಯಿಯ ವೇಳಾಪಟ್ಟಿ ಕಣ್ಣಿಗೆ ಕಾಣುತ್ತದೆ. ಒಳಗಿನ ತಪ್ಪುಗಳೆಲ್ಲ ಸಂಜೆ ಏಳರಿಂದ ಎಂಟರ ನಡುವೆಯೇ ಬಿದ್ದಿದ್ದರೆ, ಆ ಹೊತ್ತಿನಲ್ಲಿ ಮನೆಯವರೆಲ್ಲ ಟೀವಿ ಮುಂದಿದ್ದಾರೆ ಎಂದರ್ಥ.

ಊಟ ದಿನಕ್ಕೆ ಎರಡೇ ಸಲ, ಅದೇ ಹೊತ್ತಿಗೆ. ಬೆಳಿಗ್ಗೆ 7, ಸಂಜೆ 6 ನನಗೆ ಸರಿಹೋಗುತ್ತದೆ. ಚಿಕ್ಕ ಮರಿಗೆ ಮೂರು ಸಲ. ತಟ್ಟೆ 15 ನಿಮಿಷ ಇಟ್ಟು ಎತ್ತಿಬಿಡಬೇಕು. ದಿನವಿಡೀ ತಿನ್ನುವ ನಾಯಿ ದಿನವಿಡೀ ಎರಡಕ್ಕೆ ಹೋಗುತ್ತದೆ. ಬಂದ ಮೊದಲ ವಾರ ಭೇದಿಯಾಗುವುದು ಮಾಮೂಲು. ಅದಕ್ಕೆ ಮುಖ್ಯ ಕಾರಣ ಹಾಲು ಮತ್ತು ಒಮ್ಮೆಲೇ ಬದಲಾದ ಊಟ. ಹಳೆಯ ಊಟಕ್ಕೆ ಹೊಸದನ್ನು ಐದಾರು ದಿನ ಬೆರೆಸುತ್ತಾ ಬನ್ನಿ, ಹಾಲು ನಿಲ್ಲಿಸಿ, ಈರುಳ್ಳಿ ಹಾಕಿದ ಸಾರು ಎಂದೂ ಬೇಡ. ಜಂತುಹುಳದ ಔಷಧ ಆಗಿದೆಯೇ ಕೇಳಿ. ಭೇದಿಯಿರುವ ನಾಯಿಗೆ ತಡೆಯಲು ಆಗುವುದೇ ಇಲ್ಲ, ಆ ದಿನಗಳ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ನೀರು ಮಾತ್ರ ಯಾವತ್ತೂ ತಡೆಯಬೇಡಿ. ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50–60 ಮಿಲಿ ಬೇಕು, ಅಂದರೆ 12 ಕೆಜಿ ನಾಯಿಗೆ 600–700 ಮಿಲಿ. ರಾತ್ರಿ ಒಂಬತ್ತರ ನಂತರ ಬಟ್ಟಲಲ್ಲಿ ಸ್ವಲ್ಪವೇ ಇಟ್ಟರೆ ಸಾಕು.

ಈಗ ಬಹುಮಾನ. ಬೇಯಿಸಿದ ಕೋಳಿಯ ಚೂರೋ ಮೊಟ್ಟೆಯ ಚೂರೋ, ಕಡಲೆಕಾಳಿನಷ್ಟು, ಜೇಬಿನಲ್ಲೇ ಇರಬೇಕು. ಒಳಗೆ ಹೋಗಿ ಡಬ್ಬಿ ತೆಗೆದು ಕೊಟ್ಟರೆ ನಾಯಿ ಕಲಿಯುವುದು ‘ಅಡುಗೆಮನೆಗೆ ಬಂದರೆ ಕೋಳಿ ಸಿಗುತ್ತದೆ’ ಎಂಬುದನ್ನು ಮಾತ್ರ. ಮುಗಿಸಿದ ಎರಡು ಸೆಕೆಂಡಿನೊಳಗೆ, ಅದೇ ಜಾಗದಲ್ಲಿ ಬಾಯಿಗೆ ಹೋಗಬೇಕು. ಶುರುಮಾಡಿದ ಕ್ಷಣ ಮೆಲ್ಲಗೆ ‘ಒಂದಕ್ಕೆ’ ಎನ್ನಿ, ನಡುವೆ ಹೊಗಳಬೇಡಿ. ಹೊಗಳಿದರೆ ಅರ್ಧಕ್ಕೇ ನಿಲ್ಲಿಸಿ ಓಡಿ ಬಂದು, ಉಳಿದದ್ದನ್ನು ಒಳಗೆ ಮುಗಿಸುತ್ತದೆ. ಎರಡು ಮೂರು ವಾರಕ್ಕೆ ಆ ಪದ ಕೇಳಿಯೇ ಹೋಗಲು ಕಲಿಯುತ್ತದೆ. ಮನೆಯವರೆಲ್ಲ ಒಂದೇ ಪದ ಬಳಸಲಿ. ಮುಗಿದ ತಕ್ಷಣ ಒಳಗೆ ಎಳೆದುಕೊಂಡು ಬರುವುದೂ ತಪ್ಪೇ. ಹೊರಗಿನ ಸುಖ ಅಲ್ಲಿಗೇ ಮುಗಿಯುತ್ತದೆ ಎಂದು ತಿಳಿದ ನಾಯಿ ಆಮೇಲೆ ತಡೆಹಿಡಿಯುತ್ತದೆ. ಐದು ನಿಮಿಷ ಸುತ್ತಾಡಿಸಿ ಬನ್ನಿ.

ಒಳಗೆ ಮಾಡುತ್ತಿರುವಾಗಲೇ ಕಂಡರೆ ಒಂದು ಚಪ್ಪಾಳೆ, ಹಗ್ಗ ಹಿಡಿದು ಹೊರಗೆ, ಅಷ್ಟೇ. ಮಾಡಿ ಮುಗಿಸಿದ್ದರೆ ಏನೂ ಹೇಳಬೇಡಿ. ಮೂಗನ್ನು ಅದರಲ್ಲಿ ಉಜ್ಜುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರಿಂದ ನಾಯಿ ಕಲಿಯುವುದು ನಿಮ್ಮೆದುರು ಒಂದಕ್ಕೆ ಹೋಗಬಾರದು ಎಂದು. ಆಮೇಲೆ ಮಂಚದ ಕೆಳಗೆ ಹೋಗುತ್ತದೆ, ಹಿತ್ತಲಲ್ಲಿ ನೀವು ಹಗ್ಗ ಹಿಡಿದು ನಿಂತರೂ ಹೋಗುವುದಿಲ್ಲ.

ಇಷ್ಟು ಎಲ್ಲ ಊರಿಗೂ ಒಂದೇ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳ ವಿಶೇಷ ಬೇರೆ ಇದೆ. ಅರಸೀಕೆರೆ, ಕಡೂರಿನಂಥ ಬಯಲುಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕಾದ ನೆಲದ್ದೇ ತೊಂದರೆ, ಅದಕ್ಕೆ ಮರದ ನೆರಳಿನಲ್ಲಿ ಜಾಗ ಮಾಡಿದರೆ ಮುಗಿಯಿತು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೇ ತಿಂಗಳಲ್ಲಿ ಪೂರ್ತಿ ಕಲಿತ ನಾಯಿ ಜುಲೈಯಲ್ಲಿ ಜಗಲಿಯ ಅಂಚಿಗೆ ಬಂದು, ಮಳೆ ನೋಡಿ, ತಿರುಗಿ ಒಳಗೆ ಹೋಗಿ ಮೂಲೆಯಲ್ಲಿ ಕಾಲೆತ್ತುತ್ತದೆ. ಮರೆತಿದೆಯೆಂದಲ್ಲ. ಅಂಗಾಲಿಗೆ ಗೊತ್ತಿದ್ದ ಒಣಮಣ್ಣು ಕೆಸರಾಗಿದೆ, ವಾಸನೆ ತೊಳೆದುಹೋಗಿದೆ, ಸಾಲದ್ದಕ್ಕೆ ಇಂಬಳ (ಜಿಗಣೆ) ಬೆರಳ ಸಂದಿಗೆ ಹತ್ತುತ್ತದೆ.

ಅದಕ್ಕೆ ಸೂರಿನ ಕೆಳಗೆ ಒಣ ನೆಲ ಬೇಕು. ಸೌದೆ ಕೊಟ್ಟಿಗೆಯ ಒಂದು ಪಕ್ಕ ಸಾಕು. ಇಲ್ಲದಿದ್ದರೆ ಎರಡು ಸತುವಿನ ಶೀಟನ್ನು ಹಿತ್ತಲಿನ ಗೋಡೆಗೆ ಇಳಿಜಾರಾಗಿ ಕೂರಿಸಬೇಕು, ಎತ್ತರ ನೀವು ಬಗ್ಗದೆ ನಿಲ್ಲುವಷ್ಟು. ಕೆಳಗೆ ಸಿಮೆಂಟ್ ಇಟ್ಟಿಗೆಯ ಚೌಕಟ್ಟು, ಒಳ ಅಳತೆ 3 ಅಡಿಗೆ 4 ಅಡಿ. ತಳಕ್ಕೆ ಎರಡು ಇಂಚು ಜಲ್ಲಿ, ಮೇಲೆ ನಾಲ್ಕು ಇಂಚು ಮಣ್ಣು–ಮರಳು ಅರ್ಧಕ್ಕರ್ಧ. ಮಣ್ಣು–ಮರಳು ಸೇರಿ 4 ಘನ ಅಡಿ, ಸುಮಾರು ಹತ್ತು ಬಾಂಡ್ಲಿ ಹಿಡಿಯುತ್ತದೆ. ಇದನ್ನು ಮೇ ತಿಂಗಳಲ್ಲೇ ಮಾಡಿ, ಮಳೆ ಹಿಡಿಯುವ ಮೊದಲು ಹದಿನೈದು ದಿನ ಅಲ್ಲಿಗೇ ಕರೆದೊಯ್ದು ಅಂಗಾಲಿಗೆ ರೂಢಿ ಮಾಡಿಸಿ. ಮಳೆ ಬಂದ ಮೇಲೆ ಕಟ್ಟಿದರೆ ಅದು ನಾಯಿಗೆ ಇನ್ನೊಂದು ಅಪರಿಚಿತ ಜಾಗ ಅಷ್ಟೇ. ಮಲವನ್ನು ದಿನಾ ಎತ್ತಿ, ಮೇಲಿನ ಒಂದು ಇಂಚು ಮಣ್ಣು ವಾರಕ್ಕೊಮ್ಮೆ ಬದಲಿಸಿ. ಆದರೆ ಹಳೆಯದರಲ್ಲಿ ಒಂದು ಹಿಡಿ ಉಳಿಸಿ ಬೆರೆಸಿ, ವಾಸನೆ ಪೂರ್ತಿ ಹೋದರೆ ನಾಯಿಗೆ ಗುರುತು ತಪ್ಪುತ್ತದೆ.

ವಾಸನೆಗೆಂದು ಅದರ ಮೇಲೆ ಸುಣ್ಣ ಎರಚುವವರಿದ್ದಾರೆ. ಒದ್ದೆ ಸುಣ್ಣ ಅಂಗಾಲು ಸುಡುತ್ತದೆ. ಒಲೆಯ ಬೂದಿಯೂ ನೆನೆದರೆ ಕ್ಷಾರ, ಉರಿ ಹತ್ತುತ್ತದೆ. ಒಮ್ಮೆ ಉರಿದ ಜಾಗಕ್ಕೆ ನಾಯಿ ಮತ್ತೆ ಕಾಲಿಡದು. ತೋಟದ ಮನೆಗಳಲ್ಲಿ ಕೈಗೆ ಸುಲಭಕ್ಕೆ ಸಿಗುವ ಕಾಫಿ ಸಿಪ್ಪೆಯೂ ಬೇಡ. ಅದರಲ್ಲಿ ಕೆಫೀನ್ ಇದೆ, ತಿಂದರೆ ನಾಯಿಗೆ ವಿಷ.

ಕಾಫಿಯ ಮಾತು ಬಂದದ್ದರಿಂದ ಕಣದ ವಿಷಯ. ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಕಾಫಿ ಒಣಗುವ ಕಣ ಬಹುತೇಕ ಸಿಮೆಂಟಿನದು. ಗೂಡಿನಿಂದ ಬಂದ ನಾಯಿಗೆ ಅದಕ್ಕಿಂತ ಪರಿಚಿತ ನೆಲ ತೋಟದಲ್ಲೇ ಇಲ್ಲ. ಅಂಥ ನಾಯಿಯ ನೆಲದ ರೂಢಿ ಬದಲಿಸಲು ನಾನು ಮಾಡುವುದು ಹೀಗೆ: ಚೌಕಟ್ಟಿನ ಮಣ್ಣಿನ ಮೇಲೆ ಎರಡಡಿ ಚದರದ ಒಂದು ಕಡಪ ಕಲ್ಲು ಇಡುವುದು. ನಾಯಿ ಅದರ ಮೇಲೆ ಹೋಗಲು ಶುರುಮಾಡಿದ ಮೇಲೆ ಕಲ್ಲಿನ ಮೇಲೆ ಹಿಡಿ ಮಣ್ಣು ತೆಳುವಾಗಿ ಉದುರಿಸುವುದು, ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪ ಮಾಡುವುದು. ಕಲ್ಲು ಪೂರ್ತಿ ಮುಚ್ಚಿದ ವಾರದ ನಂತರ ಅದನ್ನು ಅಡಿಯಿಂದ ತೆಗೆದುಬಿಡಬಹುದು. ಒಟ್ಟು ಎರಡು ಮೂರು ವಾರ. ನಡುವೆ ತಪ್ಪಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಕಲ್ಲು ಕಾಣುವಷ್ಟು ಮಣ್ಣು ಸರಿಸಬೇಕು.

ರಾತ್ರಿಯ ಸುತ್ತಿಗೆ ನಾಯಿಯನ್ನು ಒಂಟಿಯಾಗಿ ಬಿಡುವ ಮಾತೇ ಇಲ್ಲ. ಮಲೆನಾಡಿನ ತೋಟಗಳಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಬೆಳಗಿನ ಜಾವ ಆನೆಯೂ ಇರಬಹುದು. ಜಾಗ ಮನೆಯ ದೀಪದ ಬೆಳಕಿನೊಳಗೇ ಇರಲಿ, ಹಗ್ಗ ಕೈಯಲ್ಲಿ, ಟಾರ್ಚು ಮೊದಲು ನೆಲಕ್ಕೆ. ಹಾವಿಗೂ ಅದೇ ಹೊತ್ತು. ಹತ್ತೂವರೆಗೆ ಒಮ್ಮೆ ಕರೆದೊಯ್ದರೆ ಬೆಳೆದ ನಾಯಿ ಬೆಳಿಗ್ಗೆ ಆರರವರೆಗೆ ತಡೆಯುತ್ತದೆ. ಮರಿಗಾಗಿ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಒಮ್ಮೆ ಎದ್ದೇಳಲೇಬೇಕು.

ಒರೆಸುವುದನ್ನು ಹಗುರಾಗಿ ತೆಗೆದುಕೊಂಡವರ ಮನೆಯಲ್ಲಿ ತರಬೇತಿ ಎಂದೂ ಮುಗಿಯುವುದಿಲ್ಲ. ಫಿನಾಯಿಲ್ ನಮ್ಮ ಮೂಗಿಗೆ ಮಾತ್ರ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಕಪ್ಪು ಫಿನಾಯಿಲ್ ಅಂಗಾಲು ನೆಕ್ಕುವ ನಾಯಿಗೆ ಹಾನಿಕರವೂ ಹೌದು. ಅಮೋನಿಯಾ ಇರುವ ಕ್ಲೀನರ್ ನಾಯಿಗೆ ಮೂತ್ರದ ಹಾಗೇ ಕಾಣುತ್ತದೆ. ಮೂತ್ರದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕೆಮ್ಮು ಬರಿಸುವ ವಿಷಗಾಳಿ ಏಳುತ್ತದೆ. ವಿನಿಗರ್ ಒಳ್ಳೆಯದೇ, ಆದರೆ ರೆಡ್ ಆಕ್ಸೈಡ್, ಮೊಸಾಯಿಕ್ ನೆಲದ ಹೊಳಪನ್ನು ಆಮ್ಲ ತಿನ್ನುತ್ತದೆ. ನಾನು ಬಳಸುವುದು ಎಂಜೈಮ್ ಇದೆ ಎಂದು ಪೊಟ್ಟಣದ ಮೇಲೆ ಬರೆದ ಬಟ್ಟೆ ಸೋಪಿನ ಪುಡಿ, ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ 100 ಗ್ರಾಂ. ಮೊದಲು ಒಣ ಬಟ್ಟೆಯಲ್ಲಿ ಒತ್ತಿ ಹೀರಿಸಿ, ಆಮೇಲೆ ಈ ನೀರು ಸುರಿದು 15 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಕುದಿನೀರು ಹಾಕಿದರೆ ಎಂಜೈಮ್ ಸಾಯುತ್ತದೆ, ತಕ್ಷಣ ಒರೆಸಿದರೆ ಕೆಲಸ ಮಾಡಲು ಅದಕ್ಕೆ ಹೊತ್ತೇ ಸಿಗದು. ಕೊನೆಗೆ ಎರಡು ಸಲ ಬರೀ ನೀರಿನಲ್ಲಿ ಒರೆಸಿ. ಹಳೆಯ ಕಲೆ ಹುಡುಕಲು ಕತ್ತಲಲ್ಲಿ ಯೂವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದರೆ ಹಳದಿ ಹಸಿರಾಗಿ ಹೊಳೆಯುತ್ತದೆ. ಸೋಪಿನ ಗುರುತೂ ನೀಲಿಯಾಗಿ ಹೊಳೆಯುತ್ತದೆ, ಗಾಬರಿ ಬೇಡ.

ಮಳೆಗಾಲದಲ್ಲಿ ಕೈಗವಸಿಲ್ಲದೆ ಒರೆಸಬೇಡಿ. ಇಲಿಜ್ವರದ ರೋಗಾಣು ನೋಡಲು ಆರೋಗ್ಯವಾಗಿರುವ ನಾಯಿಯ ಮೂತ್ರದಲ್ಲೂ ಇರಬಹುದು, ಕೈಯ ಗಾಯದಿಂದ ಮನುಷ್ಯರಿಗೆ ಬರುತ್ತದೆ. ನಾಯಿಗೆ ಇದಕ್ಕೆ ಲಸಿಕೆ ಇದೆ, ಪ್ರತಿ ವರ್ಷ ಹಾಕಿಸಬೇಕು. ಮಲವನ್ನು ಗುಂಡಿಯಲ್ಲಿ ಮುಚ್ಚಿ. ಸೊಪ್ಪಿನ ಮಡಿಗೆ ಗೊಬ್ಬರವಾಗಿ ಬೇಡ.

ಎಲ್ಲ ಸರಿಮಾಡಿದರೂ ಮೂರು ವಾರಕ್ಕೆ ಸುಧಾರಣೆ ಕಾಣದಿದ್ದರೆ ಅದು ಕಲಿಕೆಯ ತೊಂದರೆ ಆಗಿರಲಿಕ್ಕಿಲ್ಲ. ಪದೇ ಪದೇ ನಾಲ್ಕೇ ಹನಿ ಹೋಗುವುದು, ತಿಣುಕುವುದು, ರಕ್ತದ ಬಣ್ಣ ಕಂಡರೆ ಮೂತ್ರದ ಸೋಂಕು ಇರಬಹುದು. ಮಲಗಿದ್ದಲ್ಲೇ ತಿಳಿಯದೆ ಸೋರಿದರೆ, ಅದರಲ್ಲೂ ಸಂತಾನಹರಣ ಚಿಕಿತ್ಸೆಯಾದ ಹೆಣ್ಣಾದರೆ, ಅದಕ್ಕೆ ಔಷಧವಿದೆ. ನೀವು ಬಗ್ಗಿ ಮುಟ್ಟಲು ಹೋದಾಗ ಕಿವಿ ಹಿಂದಕ್ಕೆ ಮಾಡಿ ಸ್ವಲ್ಪ ಬಿಟ್ಟರೆ ಅದು ಅಂಜಿಕೆ. ಕೂತು, ಪಕ್ಕದಿಂದ ಮಾತಾಡಿಸಿ, ಗದರಿದರೆ ಹೆಚ್ಚುತ್ತದೆ. ಗಂಡು ಬಾಗಿಲ ಚೌಕಟ್ಟಿಗೆ, ಕುರ್ಚಿ ಕಾಲಿಗೆ ಸ್ವಲ್ಪ ಸ್ವಲ್ಪ ಹೊಡೆಯುವುದು ಗಡಿ ಗುರುತು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಹಲವು ನಾಯಿಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲದರಲ್ಲೂ ಅಲ್ಲ. ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರವನ್ನು ತೊಳೆದ ಸೌಟಿನಲ್ಲಿ ಹಿಡಿದು ಎರಡು ಗಂಟೆಯೊಳಗೆ ಪಶುವೈದ್ಯರಿಗೆ ತಲುಪಿಸಿ. ಹಾಸನದ ಸುತ್ತಮುತ್ತಲಿನವರಿಗೆ ಪಶುವೈದ್ಯಕೀಯ ಮಹಾವಿದ್ಯಾಲಯ ಊರಿನಲ್ಲೇ ಇರುವುದು ಅನುಕೂಲ.

ಒಳಗೆ ಒಂದೂ ತಪ್ಪಿಲ್ಲದೆ 14 ದಿನ ಕಳೆದರೆ ಇನ್ನೊಂದು ಕೋಣೆ ಬಿಟ್ಟುಕೊಡಿ. ಮತ್ತೆ 14 ದಿನ, ಮತ್ತೊಂದು ಕೋಣೆ. ಅವಸರಕ್ಕೆ ಇಡೀ ಮನೆ ಬಿಟ್ಟರೆ ದೂರದ ಕೋಣೆ ನಾಯಿಯ ಲೆಕ್ಕದಲ್ಲಿ ‘ಹೊರಗೆ’ ಆಗಿಬಿಡುತ್ತದೆ. ನೆಂಟರ ಮನೆಗೆ ಕರೆದೊಯ್ದಾಗಲೂ ಇದೇ: ನಮ್ಮ ಮನೆಯ ನೆಲ ಕಲಿತದ್ದು ಆ ಮನೆಯ ನೆಲಕ್ಕೆ ಅನ್ವಯಿಸುವುದಿಲ್ಲ. ಎರಡು ದಿನ ಹಗ್ಗ ಮತ್ತೆ ಸೊಂಟಕ್ಕೆ, ಜೊತೆಗೆ ನಮ್ಮ ಚೌಕಟ್ಟಿನ ಎರಡು ಹಿಡಿ ಮಣ್ಣು ಕವರಿನಲ್ಲಿ.