ಮೊದಲು ಉಸಿರು, ಆಮೇಲೆ ತಂಗಳು: ಒತ್ತಡದ ಹೊಟ್ಟೆಗೆ ಕೈಹಿಡಿದ ಕ್ರಮ

ಪರೀಕ್ಷೆ ಹತ್ತಿರ ಬಂದರೆ ಹೊಟ್ಟೆ ಕೈಕೊಡುವವರು ಕೊಣಾಜೆ, ಸುರತ್ಕಲ್, ಮಣಿಪಾಲದ ಹಾಸ್ಟೆಲುಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಐಬಿಎಸ್ (ಕರುಳು ಬೇಗ ಕೆರಳಿ ನೋವು, ಭೇದಿ, ಮಲಬದ್ಧತೆ ತರುವ ತೊಂದರೆ) ಎಂದು ಚೀಟಿ ಹಿಡಿದು ನನ್ನ ಬಳಿ ಆಹಾರ ಸಲಹೆಗೆ ಬರುವವರಲ್ಲಿ ಇಂಥವರೇ ಹೆಚ್ಚು. "ತಂಗಳನ್ನ ತಿಂದರೆ ಟೆನ್ಶನ್ ಹೋಗ್ತದಾ?" ಎಂದು ಕೇಳಿದ್ದು ಜೊತೆಯ ಡಯಟೀಶಿಯನ್‌ಗಳೇ. ತಂಗಳನ್ನ ಒಂದರಿಂದಲೇ ಹೋಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿದೆ ವಿಷಯ.

ದುಡ್ಡು ಹೋದ ದಾರಿ ಮೊದಲು ಹೇಳುತ್ತೇನೆ. ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್ ತಿಂಗಳಿಗೆ ಏಳೆಂಟು ನೂರು ರೂಪಾಯಿ, ಮೂರು ತಿಂಗಳು ಕೊಡಿಸಿದೆ. ನಿಲ್ಲಿಸಿದ ಎರಡು ವಾರಕ್ಕೆ ಹೊಟ್ಟೆ ಮೊದಲಿನಂತೆ. ತಳಿ ಯಾವುದೆಂದು ನೋಡದೆ ಬಾಟಲಿಯ ಮೇಲಿನ ಕೋಟಿಗಳ ಲೆಕ್ಕ ನೋಡಿ ಆರಿಸಿದ್ದು ತಪ್ಪು. ಮಲದ ಮೈಕ್ರೋಬಯೋಮ್ ಪರೀಕ್ಷೆಗೆ, ಅಂದರೆ ಕರುಳಲ್ಲಿ ಯಾವ ಯಾವ ಸೂಕ್ಷ್ಮಜೀವಿ ಇವೆ ಎಂದು ನೋಡುವುದಕ್ಕೆ, ಹತ್ತು ಸಾವಿರದ ಆಸುಪಾಸು ಹೋಯಿತು. ಬಣ್ಣಬಣ್ಣದ ವರದಿ ಬಂತು, ಅದನ್ನು ನೋಡಿ ಊಟದಲ್ಲಿ ಒಂದು ತುತ್ತನ್ನೂ ಬದಲಿಸುವಂತಿರಲಿಲ್ಲ.

ದಾರಿ ತೋರಿಸಿದ್ದು ಜೆಬಿ-1 ಎಂಬ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ತಳಿಯ ಕಥೆ. 2011ರಲ್ಲಿ ಅದು ಇಲಿಗಳ ಆತಂಕ ಇಳಿಸಿತು, ಆದರೆ ಮಿದುಳಿಗೂ ಹೊಟ್ಟೆಗೂ ನಡುವಿನ ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ಇಳಿಸಲಿಲ್ಲ. 2017ರಲ್ಲಿ ಆರೋಗ್ಯವಂತ ಗಂಡಸರಿಗೆ ಕೊಟ್ಟಾಗ ಒತ್ತಡದ ಮೇಲೆ ಪರಿಣಾಮವೇ ಕಾಣಲಿಲ್ಲ. ಎಲ್ಲರೂ ಬ್ಯಾಕ್ಟೀರಿಯಾದ ಹಿಂದೆ ಬಿದ್ದರು. ನನ್ನ ಕಣ್ಣು ನರದ ಮೇಲೆ ಬಿತ್ತು. ಅದರ ಎಳೆಗಳಲ್ಲಿ ಸುಮಾರು ಶೇ. 80 ಹೊಟ್ಟೆಯಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಒತ್ತಡದಲ್ಲಿರುವ ಕರುಳಿಗೆ ಸಣ್ಣ ಗ್ಯಾಸೂ ದೊಡ್ಡ ನೋವು. ಅಂಥ ಕರುಳಿಗೆ ಮೊದಲ ದಿನವೇ ಹುರುಳಿ ಸಾರು, ಅಲಸಂಡೆ, ಬಾಳೆದಿಂಡು ಎಂದು ನಾರು ತುಂಬಿಸುತ್ತಿದ್ದೆ. ನಾಲ್ಕನೇ ದಿನಕ್ಕೆ ಹೊಟ್ಟೆ ಉಬ್ಬರ, ಅದರ ಭಯಕ್ಕೆ ಇನ್ನಷ್ಟು ಒತ್ತಡ, ಐದನೇ ದಿನ ಎಲ್ಲ ಬಂದ್.

ಈಗಿನ ಕ್ರಮ ಆರು ವಾರದ್ದು. ಮಲದಲ್ಲಿ ರಕ್ತ, ತೂಕ ಇಳಿಕೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ ಇದ್ದರೆ ಮುಟ್ಟುವುದಿಲ್ಲ, ನೇರ ವೈದ್ಯರ ಬಳಿಗೆ. ಖಿನ್ನತೆಯ ಮಾತ್ರೆ ಈಗಷ್ಟೇ ಶುರುವಾಗಿದ್ದರೆ ಎರಡು ಮೂರು ವಾರ ಕಾಯುತ್ತೇನೆ. ಆ ಮಾತ್ರೆಗಳೇ ಆರಂಭದಲ್ಲಿ ಹೊಟ್ಟೆ ಕೆಡಿಸುವುದುಂಟು, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮಾತ್ರೆ ನಿಲ್ಲಿಸಲು ಎಂದೂ ಹೇಳಬೇಡಿ.

ಮೊದಲ ಎರಡು ವಾರ ಊಟ ಬದಲಿಸುವುದೇ ಇಲ್ಲ. ಮೂವತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಬ್ರಿಸ್ಟಲ್ ಅಂಕಿ (ಮಲ ಎಷ್ಟು ಗಟ್ಟಿ, ಎಷ್ಟು ತೆಳು ಎಂಬ ಅಳತೆ), ಸೊನ್ನೆಯಿಂದ ಹತ್ತರವರೆಗೆ ಒತ್ತಡ, ನಿದ್ದೆಯ ಗಂಟೆ, ಇಷ್ಟು ಬರೆಸುತ್ತೇನೆ. ಜೊತೆಗೆ, ಆ ನರದ ಮೂಲಕ ಒತ್ತಡ ಇಳಿಸಲು, ನಿಧಾನದ ಉಸಿರು: ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ, ಹತ್ತು ನಿಮಿಷ, ದಿನಕ್ಕೆ ಎರಡು ಸಲ; ಊಟಕ್ಕೆ ಮುಂಚೆ ಎರಡು ನಿಮಿಷ. ತಲೆ ಸುತ್ತುತ್ತದೆ ಎಂದರೆ ಜೋರಾಗಿ ಎಳೆಯುತ್ತಿದ್ದಾರೆ ಎಂದರ್ಥ. ಮಲಗಿಸಿ, ಅರ್ಧ ಕಿಲೋ ಕುಚ್ಚಲಕ್ಕಿಯ ಬಟ್ಟೆ ಚೀಲವನ್ನು ಹೊಕ್ಕುಳ ಮೇಲೆ ಇಡಿ. ಚೀಲ ಏರಿ ಇಳಿಯಬೇಕು, ಎದೆ ಅಲುಗಬಾರದು. ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಆ ಚೀಲ ಬೇಗ ಕಲಿಸುತ್ತದೆ.

ಮೂರನೇ ವಾರ ತಂಗಳು. ರಾತ್ರಿ ಒಂಬತ್ತರೊಳಗೆ ಕುಚ್ಚಲಕ್ಕಿ ಅನ್ನ ಬಸಿದು, ಅಗಲ ತಟ್ಟೆಯಲ್ಲಿ ಹರಡಿ, ಬೆರಳಿಗೆ ಬಿಸಿ ತಾಗದಷ್ಟು ಆರಿಸಿ, ಮಣ್ಣಿನ ಪಾತ್ರೆಗೆ ಹಾಕಿ, ಅನ್ನದ ಮೇಲೆ ಎರಡು ಬೆರಳು ನಿಲ್ಲುವಷ್ಟು ಕುದಿಸಿ ಆರಿಸಿದ ನೀರು. ಏಪ್ರಿಲ್–ಮೇಯಲ್ಲಿ ಎಂಟೊಂಬತ್ತು ಗಂಟೆ ಸಾಕು, ಆಟಿ ತಿಂಗಳ ಮಳೆಯಲ್ಲಿ ಹನ್ನೊಂದು ಬೇಕು. ಹದವಾಗಿದ್ದರೆ ಮಜ್ಜಿಗೆಯಂಥ ತೆಳು ಹುಳಿ ವಾಸನೆ. ಕಾಳು ಮುಟ್ಟಿದಾಗ ನೂಲು ಎಳೆದರೆ ಚೆಲ್ಲಿ. ಬಿಸಿ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿದ್ದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ವಾಂತಿ ತರಿಸುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ, ವಾಸನೆಯಿಂದ ಗೊತ್ತಾಗುವುದೂ ಇಲ್ಲ. ಆರಿಸುವ ಹಂತ ಬಿಡಲೇಬಾರದು ಎನ್ನುವುದು ಅದಕ್ಕೆ. ಫ್ರಿಜ್ಜಿನಲ್ಲಿಟ್ಟರೆ ಆರಿದ ಅನ್ನದ ಜೀರ್ಣವಾಗದ ಪಿಷ್ಟವೇನೋ ಸ್ವಲ್ಪ ಸಿಗುತ್ತದೆ, ಹುಳಿ ಬರುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಮಾಡಿಕೊಳ್ಳುವುದು ಆ ಪಿಷ್ಟದಿಂದ; ಕರುಳ ಒಳಪದರಕ್ಕೆ ಅದೇ ಆಹಾರ.

ನಾಲ್ಕು ದಿನ ಅರ್ಧ ಬಟ್ಟಲು, ಆಮೇಲೆ ಒಂದು, ಒಂದು ಲೋಟ ಮನೆ ಮಜ್ಜಿಗೆಯೊಂದಿಗೆ. ಹಾಲು ಆಗದವರಿಗೆ ಮಜ್ಜಿಗೆ ಕಾಲು ಲೋಟದಿಂದ. ನೀರುಳ್ಳಿ ಕಚ್ಚುವ ಚಾಳಿ ಸದ್ಯಕ್ಕೆ ಬೇಡ, ಬದಲಿಗೆ ತಿಮರೆ (ಒಂದೆಲಗ) ಚಟ್ನಿ. ನಾಲ್ಕನೇ ವಾರ ಕೊನೆಗೆ ಹೆಸರುಕಾಳು ಎರಡು ಚಮಚ, ಐದರಲ್ಲಿ ಅಲಸಂಡೆ. ಹುರುಳಿ ಕೊನೆಯದು, ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ. ಒತ್ತಡದ ಅಂಕಿ ಏಳು ದಾಟಿದ ದಿನ ಮುಂದಿನ ಮೆಟ್ಟಿಲು ಹತ್ತಿಸುವುದಿಲ್ಲ. ಯಾರನ್ನು ಯಾವಾಗ ಹತ್ತಿಸುವುದೆಂದು ತಿಳಿಯಲು ನಾನು ಕೇಳುವ ಎರಡು ಪ್ರಶ್ನೆಗಳಿವೆ. ಅವು ಎದುರು ಕೂತು ಕಲಿಯಬೇಕಾದವು, ಇಲ್ಲಿ ಬರೆಯುವುದಿಲ್ಲ.

ನಡುವೆ ಉಪ್ಪು ಸೊಳೆಯನ್ನೂ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ಪ್ರಯೋಗಿಸಿದೆ. ಉಪ್ಪು ಬಿಡಿಸಲು ನೆನೆಸಿ, ಪಲ್ಯ ಬೇಯಿಸುವಷ್ಟರಲ್ಲಿ ಜೀವಂತ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ರುಚಿಗೆ ತಿನ್ನಲಿ, ಲೆಕ್ಕಕ್ಕೆ ಬೇಡ.

ಆರು ವಾರಕ್ಕೆ ಹೆಚ್ಚುವರಿ ಖರ್ಚು ಮುನ್ನೂರು ರೂಪಾಯಿ ದಾಟಿಲ್ಲ. ಡೈರಿಯಲ್ಲಿ ಮೊದಲು ಇಳಿಯುವುದು ಬೆಳಿಗ್ಗೆ ಶೌಚಕ್ಕೆ ಓಡುವ ಓಟ, ನೋವು ಆಮೇಲೆ. ಪರೀಕ್ಷೆಯ ದಿನ ಮಾತ್ರ ಕಾಳು, ಕಾಫಿ, ಬನ್ಸ್ ಮೂರೂ ಬೇಡ. ಎರಡು ಗಂಟೆ ಮುಂಚೆ ಅರ್ಧ ಬಟ್ಟಲು ಬಿಸಿ ಗಂಜಿ, ಚಿಟಿಕೆ ಉಪ್ಪು, ಹಾಲ್‌ಗೆ ಹೋಗುವ ಮುಂಚೆ ಎರಡು ನಿಮಿಷ ಉಸಿರು.