ಮೇವನ್ ಪ್ಲಗಿನ್‌ಗೆ ಗ್ರೇಡಲ್ ಕಲಿಸಿದ್ದು: ನನ್ನ ಅನುಭವ

ನಮ್ಮ ಆಫೀಸು ಮಂಗಳೂರಿನ ಬಿಜೈಯಲ್ಲಿ. ಜಾವಾ ಸರ್ವಿಸ್‌ಗಳನ್ನು ಸರ್ವರ್‌ಗೆ ಏರಿಸಲು ಎರಡು ಓಪನ್ ಸೋರ್ಸ್ ಪ್ಲಗಿನ್‌ಗಳನ್ನು ವರ್ಷಗಳಿಂದ ಬಳಸುತ್ತಿದ್ದೆವು. ಒಂದು, ವಾರ್ ಫೈಲನ್ನು (ಜಾವಾ ವೆಬ್ ಆ್ಯಪ್‌ನ ಕಟ್ಟು) ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಕಳಿಸಿ ಸರ್ವಿಸನ್ನು ರೀಸ್ಟಾರ್ಟ್ ಮಾಡುತ್ತದೆ. ಇನ್ನೊಂದು, ಸರ್ವಿಸನ್ನೂ ಅದು ಓಡಲು ಬೇಕಾದದ್ದನ್ನೂ ಸೇರಿಸಿದ ಕಂಟೇನರ್ ಇಮೇಜ್ ಕಟ್ಟಿ, ಇಮೇಜ್‌ಗಳನ್ನು ಇಡುವ ರಿಜಿಸ್ಟ್ರಿಗೆ ಹಾಕುತ್ತದೆ. ಎರಡೂ ಮೇವನ್ ಎಂಬ ಬಿಲ್ಡ್ ಟೂಲ್‌ಗೆ, ಅಂದರೆ ಕೋಡನ್ನು ಓಡಿಸಬಲ್ಲ ಫೈಲಾಗಿ ಕಟ್ಟಿಕೊಡುವ ಸಾಧನಕ್ಕೆ, ಮಾತ್ರ ಇದ್ದವು.

ಕಳೆದ ಮಳೆಗಾಲದ ಶುರುವಿನಲ್ಲಿ, ಉಡುಪಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಸಹೋದ್ಯೋಗಿಯೊಬ್ಬಳು ಹೊಸ ಸರ್ವಿಸನ್ನು ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಟೂಲ್‌ನಲ್ಲಿ ಕಟ್ಟಿದಳು. ಒಂದು ವಾರ ಕಳೆದು ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಬಿಲ್ಡ್ ಆಗ್ತದೆ. ಆದ್ರೆ ಏರಿಸ್ಲಿಕ್ಕೆ ಎಂತ ಮಾಡುವುದು? ನಾನು ಕೈಯಲ್ಲೇ ಕಾಪಿ ಮಾಡ್ತಾ ಇದ್ದೇನೆ" ಅಂದಳು. ಹಾಗೆ ಕಾಪಿ ಮಾಡಿದ ಫೈಲು ಯಾವ ಕಮಿಟ್‌ನದ್ದು, ಅಂದರೆ ಕೋಡಿನ ಯಾವ ಸ್ಥಿತಿಯದ್ದು ಎಂಬುದು ಹದಿನೈದು ದಿನ ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಪ್ಲಗಿನ್‌ಗಳು ಗ್ರೇಡಲ್‌ನಲ್ಲೂ ಓಡುವಂತೆ ಮಾಡಲು ಅದೇ ದಿನ ಕೆಲಸಕ್ಕೆ ಕೂತೆ.

ಗ್ರೇಡಲ್‌ನಿಂದ ಮೇವನ್ ಕಮಾಂಡನ್ನೇ ಓಡಿಸುವ ಅಡ್ಡದಾರಿಯೊಂದು ಇತ್ತು. ನನಗೆ ಮನಸ್ಸು ಬರಲಿಲ್ಲ. ಒಂದೇ ಪ್ರಾಜೆಕ್ಟಿನ ವಿವರವನ್ನು ಎರಡು ಕಡೆ ಬರೆದಿಟ್ಟರೆ ಅವು ಒಂದು ದಿನ ಬೇರೆ ಬೇರೆಯಾಗುತ್ತವೆ.

ಮೊದಲ ಮೂರು ವಾರ ಗ್ರೇಡಲ್‌ನ ಒಂದು ಸಾಲನ್ನೂ ಬರೆಯಲಿಲ್ಲ. ಎಸ್‌ಎಸ್‌ಎಚ್ ಪ್ಲಗಿನ್‌ನ ಕೋಡ್ ತೆರೆದರೆ, ಪ್ರಾಜೆಕ್ಟಿನ ವಿವರವನ್ನೆಲ್ಲ ಹೊತ್ತ ಮೇವನ್‌ಪ್ರಾಜೆಕ್ಟ್ ಎಂಬ ಮೇವನ್‌ನ ಆಬ್ಜೆಕ್ಟ್ ಫೈಲ್ ಕಳಿಸುವ ಕ್ಲಾಸಿನ ಒಳಗಿನವರೆಗೂ ಹೋಗಿತ್ತು. ಫೈಲು ಎಲ್ಲಿದೆ, ಯಾವ ಸರ್ವರ್‌ಗೆ, ಯಾವ ಹೆಸರಲ್ಲಿ: ಆ ಕ್ಲಾಸಿಗೆ ಬೇಕಾದದ್ದು ಇಷ್ಟೇ. ಅದನ್ನೆಲ್ಲ ಒಂದು ಸಾದಾ ಸೆಟ್ಟಿಂಗ್ಸ್ ಕ್ಲಾಸಿಗೆ ಹಾಕಿ, ಉಳಿದ ಕೋಡನ್ನು ಬೇರೆ ಮಾಡ್ಯೂಲ್ ಮಾಡಿದೆ. ಮೇವನ್‌ನ ಮೊಜೊ (ಮೇವನ್ ಕರೆಯುವ ಪ್ಲಗಿನ್ ಕ್ಲಾಸ್) ತನಗೆ ಸಿಕ್ಕ ಪ್ಯಾರಾಮೀಟರುಗಳನ್ನು ಆ ಕ್ಲಾಸಿಗೆ ತುಂಬಿ ಕೊಟ್ಟರೆ ಅದರ ಕೆಲಸ ಮುಗಿಯಿತು. 2018ರಲ್ಲಿ ಗೂಗಲ್ ಹೊರತಂದ, ಜಾವಾ ಆ್ಯಪ್‌ಗಳ ಕಂಟೇನರ್ ಇಮೇಜ್ ಕಟ್ಟುವ ಜಿಬ್ ಎಂಬ ಸಾಧನದ ಸೋರ್ಸ್ ಕೋಡ್ ಇಲ್ಲಿ ನನಗೆ ದಾರಿ ತೋರಿಸಿತು. ಅದರಲ್ಲಿ ತಿರುಳಿನ ಲೈಬ್ರರಿ ಬೇರೆ, ಮೇವನ್ ಪ್ಲಗಿನ್ ಬೇರೆ, ಗ್ರೇಡಲ್ ಪ್ಲಗಿನ್ ಬೇರೆ. ಹೀಗೆ ಬಿಡಿಸುವ ಕೆಲಸ ಬೇಸರದ್ದು, ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಆಮೇಲೆ ಗ್ರೇಡಲ್. ಮೇವನ್‌ನಲ್ಲಿ ಹಂತಗಳು ಮೊದಲೇ ಗೊತ್ತು: ಕಂಪೈಲ್, ಟೆಸ್ಟ್, ಪ್ಯಾಕೇಜ್, ಹೀಗೆ ಸಾಲಾಗಿ. ಗ್ರೇಡಲ್‌ನಲ್ಲಿ ಇರುವುದು ಟಾಸ್ಕ್‌ಗಳು ಮತ್ತು ಅವುಗಳ ನಡುವಿನ ಅವಲಂಬನೆ. ಹೆಸರಿನಲ್ಲೇ ಒಂದು ತೊಡಕು ಎದುರಾಯಿತು. ಮೇವನ್‌ನ 'ಡಿಪ್ಲಾಯ್' ಹಂತ ಅಂದರೆ ಜಾರ್ ಫೈಲನ್ನು (ಜಾವಾ ಕೋಡಿನ ಕಟ್ಟು) ರಿಮೋಟ್ ರೆಪೊಸಿಟರಿಗೆ ಹಾಕುವುದು, ಸರ್ವರ್‌ಗೆ ಏರಿಸುವುದಲ್ಲ. ಎರಡೂ ಬಳಸುವ ತಂಡಕ್ಕೆ ಗೊಂದಲ ಬೇಡವೆಂದು ಟಾಸ್ಕಿಗೆ 'ಸರ್ವರ್‌ಗೆ ಕಳಿಸು' ಎಂಬ ಅರ್ಥದ ಬೇರೆ ಹೆಸರಿಟ್ಟೆ.

ನಾನು ನಿಜವಾಗಿ ಎಡವಿದ್ದು ಎರಡು ಕಡೆ.

ಸರ್ವರ್‌ಗೆ ಒಳಹೋಗಲು ಬೇಕಾದ ಎಸ್‌ಎಸ್‌ಎಚ್ ಕೀ ಫೈಲನ್ನು ಪ್ಲಗಿನ್ ಅಪ್ಲೈ ಆಗುವಾಗಲೇ ಓದುತ್ತಿದ್ದೆ. ಗ್ರೇಡಲ್ ಮೊದಲು ಬಿಲ್ಡ್ ಸ್ಕ್ರಿಪ್ಟ್‌ಗಳನ್ನು ಓದಿ ಟಾಸ್ಕ್‌ಗಳನ್ನು ಹೊಂದಿಸಿಕೊಳ್ಳುತ್ತದೆ, ಆಮೇಲೆ ಬೇಕಾದ ಟಾಸ್ಕನ್ನು ಮಾತ್ರ ಓಡಿಸುತ್ತದೆ. ನನ್ನ ಕೋಡ್ ಇದ್ದದ್ದು ಮೊದಲನೇ ಘಟ್ಟದಲ್ಲಿ. ಕೀ ಇಲ್ಲದ ಲ್ಯಾಪ್‌ಟಾಪಿನಲ್ಲಿ ಬರೀ ಟೆಸ್ಟ್ ಓಡಿಸಿದರೂ ಬಿಲ್ಡ್ ಬೀಳುತ್ತಿತ್ತು! ಎಲ್ಲ ಮೌಲ್ಯಗಳನ್ನೂ ಪ್ರಾಪರ್ಟಿ, ಪ್ರೊವೈಡರ್‌ಗಳಾಗಿ ಬದಲಿಸಿ, ಟಾಸ್ಕ್ ಓಡುವಾಗ ಮಾತ್ರ ಓದುವಂತೆ ಮಾಡಿದೆ. ವಾರ್ ಫೈಲನ್ನೂ ಹೀಗೇ ಪ್ರೊವೈಡರ್ ಮೂಲಕ ಕೊಟ್ಟರೆ, ವಾರ್ ಟಾಸ್ಕ್ ಮೊದಲು ಓಡಬೇಕು ಎಂಬುದು ಗ್ರೇಡಲ್‌ಗೆ ತಾನಾಗಿ ತಿಳಿಯುತ್ತದೆ.

ಎರಡನೆಯದು ಇನ್ನೂ ಅಪಾಯದ್ದು. ಏರಿಸಿದ ವಿವರ ಬರೆದಿಡುವ ಒಂದು ಲಾಗ್ ಫೈಲನ್ನು ನಾನು ಟಾಸ್ಕಿನ ಔಟ್‌ಪುಟ್ ಎಂದು ಘೋಷಿಸಿದ್ದೆ. ಒಂದು ಸಂಜೆ ಸರ್ವರ್‌ನಲ್ಲಿ ಹಳೆಯ ಆವೃತ್ತಿಗೆ ಹಿಂದಿರುಗಿ, ಮತ್ತೆ ಹೊಸದನ್ನು ಏರಿಸಲು ಹೋದೆವು. ಗ್ರೇಡಲ್ 'ಅಪ್-ಟು-ಡೇಟ್' ಎಂದು ತೋರಿಸಿ, ಬಿಲ್ಡ್ ಯಶಸ್ವಿ ಎಂದಿತು. ಸರ್ವರ್‌ನಲ್ಲಿ ಹಳೆಯದೇ ಓಡುತ್ತಿತ್ತು. ಇನ್‌ಪುಟ್ ಬದಲಾಗಿಲ್ಲ, ಔಟ್‌ಪುಟ್ ಇದ್ದಲ್ಲೇ ಇದೆ, ಹಾಗಾದರೆ ಮತ್ತೆ ಓಡುವ ಅಗತ್ಯವಿಲ್ಲ ಎಂಬುದು ಅದರ ಲೆಕ್ಕ. ಕಂಪೈಲ್ ಮಾಡುವುದಕ್ಕೆ ಈ ಲೆಕ್ಕ ಸರಿ. ಆದರೆ ದೂರದ ಸರ್ವರ್‌ನ ಸ್ಥಿತಿ ಗ್ರೇಡಲ್‌ಗೆ ಕಾಣುವುದಿಲ್ಲವಲ್ಲ. ಗ್ರೇಡಲ್ 7.3ರಿಂದ ಇದಕ್ಕೆಂದೇ, ಟಾಸ್ಕನ್ನು ಪ್ರತಿ ಸಲವೂ ಓಡಿಸು ಎನ್ನುವ 'ಅನ್‌ಟ್ರ್ಯಾಕ್ಡ್ ಟಾಸ್ಕ್' ಎಂಬ ಅನೋಟೇಶನ್ (ಕೋಡಿಗೆ ಹಚ್ಚುವ ಗುರುತು) ಇದೆ, ಕಾರಣವನ್ನೂ ಅದರಲ್ಲೇ ಬರೆಯಬಹುದು. ಅದನ್ನು ಹಾಕಿದೆ.

ಪಾಸ್‌ವರ್ಡ್‌ಗಳ ವಿಷಯ ಚಿಕ್ಕದು. ಮೇವನ್‌ನಲ್ಲಿ ಸೆಟ್ಟಿಂಗ್ಸ್ ಫೈಲಿನ ಸರ್ವರ್ ಭಾಗದಲ್ಲಿ ಇಡುತ್ತಿದ್ದೆವು. ಗ್ರೇಡಲ್‌ನಲ್ಲಿ ಹೋಮ್ ಫೋಲ್ಡರಿನ ಪ್ರಾಪರ್ಟೀಸ್ ಫೈಲು ಅಥವಾ ಎನ್ವಿರಾನ್‌ಮೆಂಟ್ ವೇರಿಯೇಬಲ್.

ಟೆಸ್ಟ್‌ಗಳನ್ನು ಗ್ರೇಡಲ್‌ನದೇ ಟೆಸ್ಟ್‌ಕಿಟ್‌ನಲ್ಲಿ ಬರೆದೆ. ಅದು ನಿಜವಾದ ಗ್ರೇಡಲನ್ನೇ ಒಂದು ತಾತ್ಕಾಲಿಕ ಪ್ರಾಜೆಕ್ಟಿನಲ್ಲಿ ಓಡಿಸುತ್ತದೆ, ಹಲವು ಆವೃತ್ತಿಗಳಲ್ಲಿ ಪರೀಕ್ಷಿಸಬಹುದು. ಪ್ರತಿ ಆವೃತ್ತಿಯನ್ನೂ ಡೌನ್‌ಲೋಡ್ ಮಾಡಿಕೊಳ್ಳುವುದರಿಂದ, ಜುಲೈನ ಗಾಳಿಮಳೆಗೆ ನೆಟ್ ಹೋದ ದಿನಗಳಲ್ಲಿ ಕೆಲಸ ನಿಂತೇ ಹೋಗುತ್ತಿತ್ತು. ನೆಟ್ ಇದ್ದಾಗ ಬೇಕಾದ ಆವೃತ್ತಿಗಳನ್ನೆಲ್ಲ ಒಮ್ಮೆ ಇಳಿಸಿಕೊಂಡು, ಆಮೇಲೆ ಆಫ್‌ಲೈನ್ ಆಯ್ಕೆಯಲ್ಲಿ ಓಡಿಸಿದೆ.

ಪ್ಲಗಿನ್ ನೋಡಿಕೊಳ್ಳುವವರು ನನ್ನ ದೊಡ್ಡ ಪುಲ್ ರಿಕ್ವೆಸ್ಟನ್ನು (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮೂರಾಗಿ ಒಡೆಯಲು ಹೇಳಿದರು: ಮೊದಲು ಮಾಡ್ಯೂಲ್ ಬೇರ್ಪಡಿಸಿದ್ದು, ಆಮೇಲೆ ಗ್ರೇಡಲ್, ಕೊನೆಗೆ ದಾಖಲೆ. ಮೊದಲನೆಯದು ಹಳೆಯ ಮೇವನ್ ಟೆಸ್ಟ್‌ಗಳನ್ನೆಲ್ಲ ಪಾಸ್ ಮಾಡಿದ್ದರಿಂದ ಬೇಗ ಒಳಗೆ ಸೇರಿತು. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಉಡುಪಿಯ ಹುಡುಗಿ ಈಗ ಕೈಯಲ್ಲಿ ಕಾಪಿ ಮಾಡುವುದಿಲ್ಲ. ಎರಡನೆಯ ಪ್ಲಗಿನ್‌ನಲ್ಲಿ ಟಾಸ್ಕ್ ಓಡುವಾಗ ಪ್ರಾಜೆಕ್ಟ್ ಆಬ್ಜೆಕ್ಟನ್ನು ಮುಟ್ಟುವ ಜಾಗ ಇನ್ನೂ ಎರಡು ಉಳಿದಿವೆ, ಹಾಗಾಗಿ ಕಾನ್ಫಿಗರೇಶನ್ ಕ್ಯಾಶ್ (ಟಾಸ್ಕ್‌ಗಳನ್ನು ಹೊಂದಿಸಿದ ಮೊದಲನೇ ಘಟ್ಟದ ಫಲಿತಾಂಶವನ್ನು ಉಳಿಸಿಟ್ಟು ಮತ್ತೆ ಬಳಸುವ ಸೌಲಭ್ಯ) ಆನ್ ಮಾಡಿದರೆ ಗ್ರೇಡಲ್ ತಕರಾರು ತೆಗೆಯುತ್ತದೆ. ಅಷ್ಟಮಿ ರಜೆಯಲ್ಲಿ ನಾವಿಬ್ಬರೂ ಕೂತು ಅದನ್ನು ಮುಗಿಸುವುದೆಂದು ಮಾತಾಗಿದೆ.